ಬಲಮುರಿ ಬಸವನಹುಳು

ಚಿಕ್ಕಬಳ್ಳಾಪುರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಯೋಗನರಸಿಂಹ ಅವರಿಗೆ ಅರವತ್ತೆಂಟು ವರ್ಷಕ್ಕೆ ಬರಬೇಕಾದದ್ದೆಲ್ಲ ಬಂದಿತ್ತು. ಸ್ವಂತ ಮನೆ ಬಂದಿತ್ತು, ಪೆನ್ಷನ್ ಬರುತ್ತಿತ್ತು, ಸಕ್ಕರೆ ಕಾಯಿಲೆಯೂ ತಾನಾಗಿ ಬಂದು ಕೂತಿತ್ತು. ಬಾರದೆ ಉಳಿದದ್ದು ಒಂದೇ, ತಾತನ ಹೆಸರು. ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಹಳೆಯ ಕಲ್ಲಚ್ಚಿನ ಚಿತ್ರದ ಕೆಳಗೆ ತಾತನ ಹೆಸರು ಬರಬೇಕು, ಅದನ್ನು ನಾಲ್ಕು ಜನ ಓದಬೇಕು. ಇಷ್ಟಕ್ಕಾಗಿ ಅವರು ಮೂವತ್ತು ವರ್ಷದಿಂದ ಕಂಡಕಂಡ ಕಚೇರಿಗಳಿಗೆಲ್ಲ ಅರ್ಜಿ ಗುಜರಾಯಿಸಿದ್ದರು. ಅರ್ಜಿಗಳೆಲ್ಲ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗಿದ್ದವು.

ಚಿತ್ರದಲ್ಲಿದ್ದದ್ದು ಒಂದು ಬಸವನಹುಳು. ನವಿಲಲ್ಲ, ಹುಲಿಯಲ್ಲ, ನೆಂಟರಿಗೆ ಎದೆಯುಬ್ಬಿಸಿ ತೋರಿಸುವಂಥ ಯಾವ ಪ್ರಾಣಿಯೂ ಅಲ್ಲ. ಆದರೆ ಬರೆದ ಕೈ ಮಾತ್ರ ಸಾಮಾನ್ಯದ್ದಲ್ಲ. ಹುಳು ಇದ್ದಷ್ಟೇ ಗಾತ್ರ, ಚಿಪ್ಪಿನ ಮೇಲೆ ಕೂದಲೆಳೆಯಂಥ ಗೆರೆಗಳು, ಕೊಂಬಿನ ತುದಿಗೆ ಸಾಸಿವೆಯಂಥ ಕಣ್ಣು, ಹಿಂದೆ ಒಂದಿಷ್ಟು ಗೀಚು ಗೀಚಾದ ಹುಲ್ಲು. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ, ಇದನ್ನು ನಂದಿಯಲ್ಲಿ ಕಂಡುಹಿಡಿದವನು ಯಾರೋ ಕ್ಯಾಪ್ಟನ್ ಎಂದು ಅಚ್ಚಾಗಿತ್ತು. ಅವನಿಗಿಂತ ಮುಂಚೆ ಸಾವಿರ ವರ್ಷದಿಂದ ಸೊಪ್ಪಿನ ಮಡಿಯಲ್ಲಿ ಅದನ್ನು ಹೆಕ್ಕಿ ಎಸೆಯುತ್ತಿದ್ದ ಹೆಂಗಸರು ಕಂಡುಹಿಡಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಣುತ್ತದೆ. ಹಿಡಿದವನ ಹೆಸರಿತ್ತು, ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿತ್ತು, ಬರೆದವನ ಹೆಸರು ಮಾತ್ರ ಇರಲಿಲ್ಲ.

ಬರೆದವರು ತಮ್ಮ ತಾತ ಯೋಗನರಸಿಂಹಯ್ಯನವರು ಎಂದು ಮೇಷ್ಟ್ರಿಗೆ ಅವರ ತಂದೆ ಹೇಳಿದ್ದರು. ನೂರಹತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಕಲ್ಲಚ್ಚಿನ ಪ್ರೆಸ್ಸಿನಲ್ಲಿ ತಾತನಿಗೆ ಮೊದಲ ನೌಕರಿ. ಸುಣ್ಣದ ಜಾತಿಯ ನುಣುಪು ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವುದು ಕೆಲಸ. ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಮಸಿ ಜಿಡ್ಡಿಗಷ್ಟೇ ಹತ್ತುತ್ತದೆ, ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರ ಕಾಗದಕ್ಕಿಳಿಯುತ್ತದೆ. ಆರು ತಿಂಗಳಿಗೆ ತಾತ ಆ ನೌಕರಿ ಬಿಟ್ಟು, ಆ ಚಿತ್ರದ ಒಂದು ಪ್ರತಿಯನ್ನೂ ಒಂದು ಕಲ್ಲನ್ನೂ ರೈಲಿನಲ್ಲಿ ಹೊತ್ತು ತಂದು, ಉಳಿದ ಆಯುಷ್ಯವನ್ನೆಲ್ಲ ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತಿಕೆ ಮಾಡುತ್ತ ಕಳೆದರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ ಉತ್ತರ ಕೊಡಲಿಲ್ಲ. ಕಲ್ಲನ್ನು ಹಿತ್ತಲಲ್ಲಿ ಹಾಸಿ ಬಟ್ಟೆ ಒಗೆಯಲು ಬಿಟ್ಟರು. ಈಗ ಮನೆಯಲ್ಲಿ ವಾಷಿಂಗ್ ಮೆಷಿನ್ ಇದ್ದರೂ ಮೇಷ್ಟ್ರ ಹೆಂಡತಿ ಕಮಲಮ್ಮ ಕಾಲೊರಸು, ಮಸಿಬಟ್ಟೆಗಳನ್ನು ಆ ಕಲ್ಲಿನ ಮೇಲೆಯೇ ಕುಕ್ಕುತ್ತಿದ್ದರು.

"ತಾತನ ಹೆಸರು ಬರ್ಲಿ ಅಂತೀರೋ, ನಿಮ್ಮ ಹೆಸರು ಬರ್ಲಿ ಅಂತೀರೋ?" ಎಂದು ಆಕೆ ಆಗಾಗ ಗಂಡನನ್ನು ಚುಚ್ಚುತ್ತಿದ್ದರು. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಆದ ಅನುಕೂಲ ಅದು. ಮೇಷ್ಟ್ರು ಆ ಪ್ರಶ್ನೆ ಬಂದಾಗಲೆಲ್ಲ ಪೇಪರನ್ನು ಮುಖಕ್ಕೆ ಹಿಡಿಯುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಇಬ್ಬರು ಮನೆಗೆ ಬಂದರು. ಒಬ್ಬರು ಗೌರಿಬಿದನೂರಿನ ಮುರಳಿಮೋಹನ್. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾದ ಮಾರನೆಯ ದಿನದಿಂದ ಇತಿಹಾಸದ ಮೇಲೆ ಬಿದ್ದವರು. ನಗರಗೆರೆಯ ಯಾರದೋ ಮನೆಯ ಬೀಸುವ ಕಲ್ಲನ್ನು ನೋಡಿ, ಅದು ರಾಜನೊಬ್ಬನ ಸಿಂಹಾಸನದ ಪೀಠ ಎಂದು ಪುಸ್ತಿಕೆ ಬರೆದಿದ್ದರು. ಪ್ರದರ್ಶನಕ್ಕೆಂದು ಒಯ್ದ ಆ ಕಲ್ಲನ್ನು ವಾಪಸ್ ಪಡೆಯಲು ಪಾಪ, ಆ ಮನೆಯಾಕೆ ಮೂರು ತಿಂಗಳು ಅಲೆದಳು, ಅಷ್ಟೂ ದಿನ ಹಿಟ್ಟಿಗೆ ಪೇಟೆಗೆ ಹೋದಳು. ಇನ್ನೊಬ್ಬ ನಂದಿಯ ನರೇಂದ್ರ. ಹಳೆಯ ಜಮೀನಿನ ಮನೆತನ, ದ್ರಾಕ್ಷಿ ಚಪ್ಪರ ಕಿತ್ತು ಲೇಔಟ್ ಮಾಡಿದ್ದ. ಲೇಔಟಿಗೊಂದು ಹೆಸರು ಬೇಕಿತ್ತು, ಹೆಸರಿಗೊಂದು ಮಹಿಮೆ ಬೇಕಿತ್ತು. ಮಹಿಮೆ ಒದಗಿಸುವುದಕ್ಕೆ ಮುರಳಿಮೋಹನ್ ಇದ್ದರು.

ಮುರಳಿಮೋಹನ್ ಚಿತ್ರದ ಮುಂದೆ ನಿಂತು ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಮೇಷ್ಟ್ರೇ, ಇದರ ಸುತ್ತು ನೋಡಿದೀರಾ? ಲೋಕದ ಬಸವನಹುಳುಗಳೆಲ್ಲ ಒಂದ್ ಕಡೆ ಸುತ್ತಿಕೊಂಡಿದ್ರೆ ಇದು ತಿರುಗಾ ಸುತ್ತಿಕೊಂಡಿದೆ. ಶಂಖದಲ್ಲಿ ಹಿಂಗೆ ತಿರುಗಾ ಸುತ್ತಿರೋದು ಸಿಕ್ಕಿದ್ರೆ ಅದಕ್ಕೆ ಏನಂತಾರೆ?"

"ಬಲಮುರಿ ಅಂತಾರೆ," ಎಂದರು ಕಾಫಿ ತಂದ ಕಮಲಮ್ಮ. ದೇವರ ಮನೆಯಿದ್ದವರಿಗೆಲ್ಲ ಗೊತ್ತಿರುವ ಮಾತು. ಬಲಮುರಿ ಶಂಖ ಲಕ್ಷಕ್ಕೊಂದು, ಇದ್ದ ಮನೆಯಲ್ಲಿ ಲಕ್ಷ್ಮಿ ಕಾಲು ಮುರಿದುಕೊಂಡು ಬೀಳುತ್ತಾಳಂತೆ.

ನರೇಂದ್ರನ ಕಿವಿ ನೆಟ್ಟಗಾಯಿತು. ಕಾಫಿ ಆರುವುದರೊಳಗೆ ನಂದಿಬೆಟ್ಟದ ತಪ್ಪಲು ಬಲಮುರಿ ಹುಳುಗಳ ಪುಣ್ಯಭೂಮಿ ಎಂದು ತೀರ್ಮಾನವಾಯಿತು, ಲೇಔಟಿಗೆ 'ಬಲಮುರಿ ಎನ್‌ಕ್ಲೇವ್' ಎಂದು ಹೆಸರಾಯಿತು, ಬಾಗಿಲಲ್ಲಿ ಆಳೆತ್ತರದ ಗ್ರಾನೈಟಿನ ಮೇಲೆ ಈ ಚಿತ್ರವನ್ನು ಕೆತ್ತಿಸುವುದೆಂದೂ ಆಯಿತು. ಮೇಷ್ಟ್ರು ಕುರ್ಚಿಯ ಅಂಚಿಗೆ ಸರಿದರು.

"ಕೆಳಗಡೆ ನಮ್ಮ ತಾತನ ಹೆಸರು ಹಾಕಿಸ್ತೀರಾ?"

"ಹಾಕ್ಸಣ ಮೇಷ್ಟ್ರೇ. ಅವರೇ ಬರೆದಿದ್ದು ಅನ್ನೋಕೆ ಒಂದು ದಾಖಲೆ ಕೊಡಿ," ಎಂದರು ಮುರಳಿಮೋಹನ್. ಬೀಸುವ ಕಲ್ಲಿಗೆ ಯಾವ ದಾಖಲೆಯನ್ನೂ ಕೇಳದ ಮನುಷ್ಯ. "ಹದಿನೈದು ದಿನದೊಳಗೆ ಸಿಗಲಿಲ್ಲ ಅಂದ್ರೆ, ನರೇಂದ್ರ ಅವರ ಮುತ್ತಾತ ಚೆನ್ನರಾಯಪ್ಪನವರು ಬರೆಸಿದ್ದು ಅಂತ ಹಾಕಿಬಿಡ್ತೀವಿ. ಅವರದೇ ಜಮೀನು, ಅವರದೇ ಹುಳ, ನ್ಯಾಯ ಅಲ್ವಾ."

ಹದಿಮೂರು ದಿನ ಮೇಷ್ಟ್ರು ಟ್ರಂಕು, ಅಟ್ಟ, ತಂದೆಯ ಹಳೆಯ ಕಾಗದದ ಕಟ್ಟು, ಕಡೆಗೆ ಅಕ್ಕಿ ಡಬ್ಬದ ಹಿಂದುಗಡೆಯನ್ನೂ ಜಾಲಾಡಿದರು. ಏನೂ ಸಿಗಲಿಲ್ಲ. ಹದಿನಾಲ್ಕನೆಯ ಬೆಳಿಗ್ಗೆ ನಡುಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದರು. ಒರೆಸಲೆಂದು ಕಮಲಮ್ಮ ಇಳಿಸಿದ್ದ ಚಿತ್ರ ಹಿಂದುಗಡೆ ಬೆಂಚಿನ ಮೇಲೆ ಒರಗಿತ್ತು. ಕನ್ನಡಿಯೊಳಗೆ ನೊರೆ ಮೆತ್ತಿದ ಮುಖದ ಪಕ್ಕದಲ್ಲಿ ಬಸವನಹುಳು ಕಂಡಿತು, ಅದರ ಹಿಂದಿನ ಹುಲ್ಲೂ ಕಂಡಿತು. ಅದು ಹುಲ್ಲಾಗಿರಲಿಲ್ಲ. ಕನ್ನಡಿಯಲ್ಲಿ ಅದು ಅಕ್ಷರವಾಗಿ, ಅಚ್ಚುಕಟ್ಟಾಗಿ, 'ಯೋಗನರಸಿಂಹಯ್ಯ ಬರೆದದ್ದು' ಎಂದು ಓದಿಕೊಳ್ಳುತ್ತಿತ್ತು.

ಮೇಷ್ಟ್ರು ಗದ್ದ ಕೊಯ್ದುಕೊಂಡರು. ಆಮೇಲೆ ಕನ್ನಡಿಯನ್ನು ಕಿತ್ತು ತಂದು ಚಿತ್ರದ ಎದುರಿಗೆ ಹಿಡಿದು ಇನ್ನೊಮ್ಮೆ ಓದಿದರು. ಮೂರನೆಯ ಸಲ ಓದುವಾಗ ಕಣ್ಣು ಹುಳುವಿನ ಕಡೆಗೆ ಹೊರಳಿತು. ಹೆಸರು ಸರಿಯಾಗಿ ಕಾಣುವ ಕನ್ನಡಿಯಲ್ಲಿ ಹುಳುವಿನ ಸುತ್ತು ಹೇಗೆ ಕಾಣುತ್ತಿದೆ? ಎಲ್ಲ ಹುಳುಗಳ ಹಾಗೆ. ಲೋಕದ ಸಮಸ್ತ ಸಾಧಾರಣ, ಸೊಪ್ಪು ತಿನ್ನುವ ಬಸವನಹುಳುಗಳ ಹಾಗೆ.

"ಕಮಲಾ, ಹಾರೆ ಎಲ್ಲಿದೆ?"

"ಬೆಳಬೆಳಿಗ್ಗೆ ಹಾರೆ ಯಾಕ್ರೀ? ಗದ್ದದಲ್ಲಿ ರಕ್ತ ಬರ್ತಿದೆ."

ಒಗೆಯುವ ಕಲ್ಲನ್ನು ಎಬ್ಬಿಸಿ ಮಗುಚುವಷ್ಟರಲ್ಲಿ ಗಂಡಹೆಂಡಿರಿಬ್ಬರಿಗೂ ಸೊಂಟ ಹಿಡಿಯಿತು. ಅಡಿಯ ಮಣ್ಣನ್ನು ತೊಳೆದು ನೀರು ಚಿಮುಕಿಸಿದಾಗ, ಜಿಡ್ಡಿನ ಗೆರೆಗಳು ನೀರನ್ನು ಒಲ್ಲೆನೆಂದು ಕಪ್ಪಗೆ ಎದ್ದು ನಿಂತವು. ಅದೇ ಹುಳು, ಸರಿಯಾದ ಸುತ್ತು. ಅದೇ ಹೆಸರು, ಸರಿಯಾದ ಅಕ್ಷರ.

ರಬ್ಬರ್ ಸ್ಟಾಂಪು ನೋಡಿದ ಯಾರಿಗೂ ಗೊತ್ತಾಗುವ ವಿಷಯ. ಕಾಗದದ ಮೇಲೆ ಸರಿ ಬರಬೇಕಾದರೆ ಕಲ್ಲಿನ ಮೇಲೆ ತಿರುಗಾ ಬರೆಯಬೇಕು. ಪ್ರೆಸ್ಸಿನಲ್ಲಿ ಅಕ್ಷರ ಬರೆಯುವ ಪಳಗಿದ ಕೈ ಬೇರೆಯಿತ್ತು, ಅದು ಕ್ಯಾಪ್ಟನ್ನನ ಹೆಸರನ್ನು ಸರಿಯಾಗಿ ತಿರುಗಿಸಿ ಬರೆದಿತ್ತು. ಹೊಸದಾಗಿ ಸೇರಿದ ತಾತ ಮಾತ್ರ ಹುಳುವನ್ನು ಮುಂದಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ, ತಪಸ್ಸು ಮಾಡಿದಂತೆ ಬರೆದು, ಕಡೆಗೆ ತಮ್ಮ ಹೆಸರನ್ನೂ ಕಂಡ ಹಾಗೆಯೇ ಬರೆದುಬಿಟ್ಟಿದ್ದರು. ನೌಕರಿ ಯಾಕೆ ಹೋಯಿತು, ಆ ಚಿತ್ರ ಯಾವ ಪುಸ್ತಕದಲ್ಲೂ ಯಾಕೆ ಸಿಗಲಿಲ್ಲ, ಕಲ್ಲನ್ನು ಯಾಕೆ ಮಕಾಡೆ ಹಾಸಿದರು ಎಂಬುದೆಲ್ಲ ಮೇಷ್ಟ್ರಿಗೆ ಅಲ್ಲಿ ಕುಕ್ಕರಗಾಲಿನಲ್ಲಿ ಕೂತೇ ಅರ್ಥವಾಯಿತು. ಮೂವತ್ತು ವರ್ಷ ತಾನು ಹುಡುಕಿದ ದಾಖಲೆಯನ್ನು ತಾತ ಬೇಕೆಂದೇ ನೆಲಕ್ಕೆ ಮುಖ ಮಾಡಿ ಮುಚ್ಚಿದ್ದರು. ಅವರಿಗೆ ಅಳು ಬಂತು, ಜೊತೆಗೆ ತಾತನ ಮೇಲೆ ಸಿಟ್ಟೂ ಬಂತು.

ಆದರೂ ಹೋದರು, ನೋಡಿ. ಹೆಸರಿನ ಆಸೆ ಅಂಥದ್ದು. ಕೈಚೀಲದಲ್ಲಿ ಚಿತ್ರವನ್ನೂ ಕನ್ನಡಿಯನ್ನೂ ಮೊಬೈಲಿನಲ್ಲಿ ಕಲ್ಲಿನ ಫೋಟೋವನ್ನೂ ಇಟ್ಟುಕೊಂಡು ಗೌರಿಬಿದನೂರಿನ ಬಸ್ಸು ಹತ್ತಿದರು. ಮುರಳಿಮೋಹನ್ ಕನ್ನಡಿಯಲ್ಲಿ ಹೆಸರು ಓದಿ ಕೈ ಮುಗಿದರು.

"ಎಂಥಾ ವಿನಯ ಮೇಷ್ಟ್ರೇ. ತನ್ನ ಹೆಸರು ಯಾರಿಗೂ ಕಾಣಬಾರದು ಅಂತ ತಿರುಗಿಸಿ ಬರೆದಿದಾರೆ ಮಹಾನುಭಾವರು. ಹೆಸರು ಹಾಕ್ಸೋದು ಗ್ಯಾರಂಟಿ."

"ಅದಲ್ಲ ಸಾರ್. ಹುಳಾನೂ ಹಂಗೇ ತಿರುಗಿರೋದು. ಕಲ್ಲಿನ ಮೇಲೆ ನೋಡಿ, ಮಾಮೂಲಿ ಹುಳ ಅದು. ಬಲಮುರಿ ಗಿಲಮುರಿ ಏನೂ ಅಲ್ಲ."

ಮುರಳಿಮೋಹನ್ ಫೋಟೋ ನೋಡಲಿಲ್ಲ. ಮೇಷ್ಟ್ರ ಮೊಬೈಲನ್ನು ಮೆಲ್ಲಗೆ ಅವರ ಜೇಬಿಗೇ ಇಳಿಬಿಟ್ಟರು. "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲೇಔಟಿನ ಬ್ರೋಷರ್ ಪ್ರಿಂಟಾಗಿದೆ. ಕಲ್ಲು ಕೆತ್ತೋಕೆ ಕೂತಿದಾರೆ. ನಿಮ್ಗೆ ತಾತನ ಹೆಸರು ಬೇಕೋ, ತಾತನ ತಪ್ಪು ಬೇಕೋ?"

ಮೇಷ್ಟ್ರು ತಾತನ ಹೆಸರು ಬೇಕು ಎಂದರು. ಎಂದವರು ಬಸ್ ಸ್ಟ್ಯಾಂಡಿನವರೆಗೂ ಯಾರ ಮುಖವನ್ನೂ ನೋಡದೆ ನಡೆದರು. ಮನೆಗೆ ಬಂದು ಹೇಳಿದಾಗ ಕಮಲಮ್ಮ ಮೂಗು ಮುರಿದು, "ಚೆನ್ನಾಯ್ತು. ಈಗ ಬಟ್ಟೆ ಎಲ್ಲಿ ಒಗೀಲಿ ಅದನ್ನ ಹೇಳಿ," ಎಂದು ಒಳಗೆ ಹೋದರು.

ಅನಾವರಣದ ದಿನ ನಂದಿಯಲ್ಲಿ ಶಾಮಿಯಾನವೇನು, ಡ್ರೋನ್ ಕ್ಯಾಮೆರಾವೇನು. ಪರದೆ ಸರಿದಾಗ ಕರಿ ಗ್ರಾನೈಟಿನ ಮೇಲೆ ಎಮ್ಮೆಕರುವಿನಷ್ಟು ದೊಡ್ಡ ಬಸವನಹುಳು, ಕೆಳಗೆ ಚಿನ್ನದ ಬಣ್ಣದಲ್ಲಿ 'ಚಿತ್ರ: ಶ್ರೀ ಯೋಗನರಸಿಂಹಯ್ಯ, ಚಿಕ್ಕಬಳ್ಳಾಪುರ'. ಮೇಷ್ಟ್ರು ಆ ಹೆಸರನ್ನು ನೋಡಿದ್ದೇ ನೋಡಿದ್ದು. ಸತ್ಯ ಹೇಳಬೇಕೆಂದರೆ, ಆ ಹತ್ತು ನಿಮಿಷ ಅವರಷ್ಟು ಸುಖಿ ಜಿಲ್ಲೆಯಲ್ಲೇ ಇರಲಿಲ್ಲ. ಪುರೋಹಿತರೊಬ್ಬರು ಹುಳುವಿಗೆ ಕುಂಕುಮ ಹಚ್ಚಿದರು. ಸೈಟು ನೋಡಲು ಬಂದವರು ಕೈ ಮುಗಿದರು.

ಆಮೇಲೆ ರಂಗೋಲಿ ಸ್ಪರ್ಧೆ. ಲೇಔಟಿನ ಹೊಸ ಟಾರು ರಸ್ತೆಯ ಮೇಲೆ ಹೆಂಗಸರು ಬಲಮುರಿ ಬಸವನಹುಳುವನ್ನು ರಂಗೋಲಿಯಲ್ಲಿ ಬಿಡಿಸಬೇಕು, ಮೊದಲ ಬಹುಮಾನ ದೊಡ್ಡದೊಂದು ಕುಕ್ಕರ್. ತೀರ್ಪುಗಾರರು ಬೇರೆ ಯಾರು, ಮಹಾಚಿತ್ರಕಾರರ ಮೊಮ್ಮಗ. ಮುರಳಿಮೋಹನ್ ಹಾಳೆಯೊಂದನ್ನು ಕೈಗಿತ್ತು, ಮೇಷ್ಟ್ರ ಜೊತೆಗೇ ಹೆಜ್ಜೆ ಹಾಕಿದರು. ಇಪ್ಪತ್ತೆಂಟು ಜನರಲ್ಲಿ ಇಪ್ಪತ್ತೇಳು ಜನ ಗ್ರಾನೈಟನ್ನೇ ನೋಡಿ ನೋಡಿ ಹಾಕಿದ್ದರು. ಹುಳುವಿಗೆ ಕಿರೀಟವಿತ್ತು, ಒಂದಕ್ಕಂತೂ ಮೂಗುತಿಯಿತ್ತು. ಕೊನೆಯದರ ಮುಂದೆ ಮೇಷ್ಟ್ರು ನಿಂತುಬಿಟ್ಟರು.

ಬರಿಯ ಬಿಳಿ ಪುಡಿಯಲ್ಲಿ ಎಳೆದ ಒಂದು ಬಸವನಹುಳು, ಕೋಸಿನ ಎಲೆಯ ಅಂಚು ಕೊರೆಯುತ್ತಿತ್ತು. ಒಂದು ಕೊಂಬು ಉದ್ದಕ್ಕೆ ಚಾಚಿ, ಇನ್ನೊಂದನ್ನು ಅರ್ಧ ಒಳಗೆಳೆದುಕೊಂಡಿತ್ತು. ಸುತ್ತು ಎಲ್ಲ ಹುಳುಗಳ ಹಾಗೆ. ಹಾಕಿದಾಕೆ ಮುನಿಗಂಗಮ್ಮ, ಲೇಔಟಿನ ಬೇಲಿಗೆ ಅಂಟಿಕೊಂಡಂತೆ ತರಕಾರಿ ಬೆಳೆಯುವವಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಸುತ್ತು ತಿರುಗಾ ಆಗಿದೆ, ಅನರ್ಹ ಅಂತ ಬರೆದು ಸೈನ್ ಹಾಕಿ," ಎಂದರು ಮುರಳಿಮೋಹನ್ ಮೆಲುದನಿಯಲ್ಲಿ.

ಮೇಷ್ಟ್ರು ಪೆನ್ನು ತೆಗೆದರು. "ಯಾಕಮ್ಮ, ಅಲ್ಲಿ ಕಲ್ಲಲ್ಲಿರೋ ಚಿತ್ರ ನೋಡಿ ಹಾಕ್ಬೇಕಿತ್ತಲ್ಲ?"

"ಚಿತ್ರ ಯಾಕ್ ಸಾಮಿ ನೋಡ್ಲಿ, ಹುಳಾನೇ ನೋಡಿವ್ನಿ," ಎಂದಳು ಮುನಿಗಂಗಮ್ಮ. "ದಿನಾ ಬೆಳಿಗ್ಗೆ ಕೋಸಿನ ಮೇಲಿಂದ ಒಂದ್ ಬಕೀಟು ಕೀಳ್ತೀನಿ. ಆ ಕಲ್ಲಿನಾಗಿರೋ ಅಂಥದ್ದು ಒಂದೂ ನನ್ ಕಣ್ಣಿಗೆ ಬಿದ್ದಿಲ್ಲ. ತಪ್ಪಾಗಿದ್ರೆ ಒರೆಸ್ಬಿಡ್ತೀನಿ ಬಿಡಿ."

ಮೇಷ್ಟ್ರು ಮೂವತ್ತಮೂರು ವರ್ಷ ಶಿಡ್ಲಘಟ್ಟದಿಂದ ಚಿಂತಾಮಣಿಯವರೆಗೆ ಐದಾರು ಶಾಲೆಗಳಲ್ಲಿ ಮಕ್ಕಳ ಕಿವಿ ಹಿಂಡಿದ್ದು ಒಂದೇ ಮಾತಿಗೆ. ಪಕ್ಕದವನ ಹಾಳೆ ನೋಡಿ ಬರೀಬೇಡ, ಎದುರಿಗಿರೋದನ್ನ ನೋಡಿ ಬರಿ ಎಂಬ ಮಾತಿಗೆ. ಅದೇ ಮಾತಿನ ಹಾಗೆ ಬರೆದ ಒಬ್ಬ ಹುಡುಗನ ನೌಕರಿ ನೂರಹತ್ತು ವರ್ಷದ ಹಿಂದೆ ಹೋಗಿತ್ತು. ಈಗ ಅವನ ಮೊಮ್ಮಗ, ಚಿನ್ನದಕ್ಷರದ ಹೆಸರಿನ ನೆರಳಿನಲ್ಲಿ ನಿಂತು, ಅದೇ ತಪ್ಪಿಗೆ ಈ ಹೆಂಗಸನ್ನು ಹೊರಗೆ ಹಾಕಬೇಕಿತ್ತು. ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಗ್ರಾನೈಟಿನ ಕಡೆಗೆ ಒಮ್ಮೆ, ಕಣ್ತುಂಬ ನೋಡಿಕೊಂಡರು. ಆಮೇಲೆ ಹೋಗಿ ಮೈಕು ಹಿಡಿದರು.

"ಮೊದಲ ಬಹುಮಾನ ಮುನಿಗಂಗಮ್ಮನವರಿಗೆ," ಎಂದರು. "ಹುಳ ಇರೋದು ಅವರು ಹಾಕಿರೋ ಹಂಗೆ. ಅಲ್ಲಿ ಕೆತ್ತಿರೋದು ತಿರುಗಾ ಆಗಿದೆ. ನಮ್ಮ ತಾತ ಕಲ್ಲಿನ ಮೇಲೆ ಸರಿಯಾಗೇ ಬರೆದಿದ್ರು, ಆದರೆ ಅಚ್ಚಿಗೆ ತಿರುಗಿಸಿ ಬರೀಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಬಲಮುರಿ ಹುಳ ಅಂತ ನಂದೀಲಿ ಯಾವುದೂ ಇಲ್ಲ. ಗೊತ್ತಿದ್ದೂ ನಾನು ಸುಮ್ಮನಿದ್ದೆ, ಹೆಸರಿನ ಆಸೆಗೆ."

ಸಭೆಯಲ್ಲಿ ಭೂಕಂಪವಾಯಿತು ಎಂದುಕೊಂಡಿರಾ? ಏನೂ ಆಗಲಿಲ್ಲ. ಮುರಳಿಮೋಹನ್ ಮೈಕು ಈಸಿಕೊಂಡು, ಮೇಷ್ಟ್ರಿಗೆ ಬಿಸಿಲು ತಡೆಯಲಿಲ್ಲ, ಸಕ್ಕರೆ ಕಾಯಿಲೆ ಬೇರೆ, ದಯವಿಟ್ಟು ಯಾರಾದರೂ ನೀರು ಕೊಡಿ ಎಂದರು. ಜನ ನೀರು ಕೊಟ್ಟರು. ಕ್ಯಾಮೆರಾ ಕಣ್ಣು ಬಿಟ್ಟುಕೊಂಡಿದ್ದರಿಂದ ನರೇಂದ್ರ ಹಲ್ಲು ಕಿರಿಯುತ್ತ ಕುಕ್ಕರನ್ನು ಮುನಿಗಂಗಮ್ಮನಿಗೆ ಕೊಡಲೇಬೇಕಾಯಿತು. ಅಂದು ಸಂಜೆಯೊಳಗೆ ಇನ್ನೂ ನಾಲ್ಕು ಸೈಟು ಬುಕ್ಕಾದವು.

ವಾರ ಕಳೆಯುವುದರೊಳಗೆ ಗ್ರಾನೈಟಿನ ಮೇಲಿನ ತಾತನ ಹೆಸರನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ 'ದಿವಂಗತ ಚೆನ್ನರಾಯಪ್ಪನವರು ಬರೆಸಿದ್ದು' ಎಂದು ಕೆತ್ತಿಸಿದರು. ಮೇಷ್ಟ್ರು ಫೋನು ಮಾಡಿ ಕೇಳಿದ್ದಕ್ಕೆ ಮುರಳಿಮೋಹನ್ ಹೇಳಿದ ಉತ್ತರವನ್ನು ಹಾಗೇ ಕೊಡುತ್ತೇನೆ. "ನಿಮ್ಮ ತಾತ ತಪ್ಪು ಬರೆದಿದಾರೆ ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೇ. ತಪ್ಪು ಬರೆದವರ ಹೆಸರು ಹಾಕೋದು ಹೆಂಗೆ?" ಅಂದರೆ ಬರೆದವರು ತಪ್ಪು, ಬರೆದದ್ದು ಸರಿ. ಹುಳು ಬಲಮುರಿಯಾಗಿಯೇ ಇದೆ, ಶುಕ್ರವಾರಗಳಲ್ಲಿ ಅದಕ್ಕೆ ಹೂವೂ ಬೀಳುತ್ತದೆ.

ಮೇಷ್ಟ್ರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಮಲಮ್ಮ ಈ ಸಲ ಚುಚ್ಚಲಿಲ್ಲ. ಕಲ್ಲನ್ನು ಮತ್ತೆ ಮಕಾಡೆ ಹಾಕೋಣವೇ ಎಂದು ಗಂಡ ಕೇಳಿದಾಗ, "ಬೇಡಿ, ಇರ್ಲಿ. ಮೆಷಿನ್ನಿಗೇ ಹಾಕ್ಕೋತೀನಿ," ಎಂದು ಮಾತು ಮುಗಿಸಿದರು.

ಮೂರನೆಯ ದಿನ ಮಧ್ಯಾಹ್ನ ಮುನಿಗಂಗಮ್ಮ ಎರಡು ಎಲೆಕೋಸು ಹಿಡಿದುಕೊಂಡು ಮನೆ ಹುಡುಕುತ್ತ ಬಂದಳು. ತನ್ನ ದೆಸೆಯಿಂದ ಸ್ವಾಮಿಗಳ ತಾತನ ಹೆಸರು ಹೋಯಿತಂತೆ ಎಂದು ಯಾರೋ ಹೇಳಿದ್ದರು, ಅದಕ್ಕೆ ಬಂದಿದ್ದಳು. ಬಸ್ಸಿನಲ್ಲಿ ಕಂಬಿ ಹಿಡಿದು ಬಂದ ಕೈ, ತೊಳೆದುಕೊಳ್ಳಲೆಂದು ಕಮಲಮ್ಮ ಹಿತ್ತಲಿನ ನಲ್ಲಿ ತೋರಿಸಿದರು. ಕಲ್ಲಿನ ವಿಷಯ ಯಾರೂ ಎತ್ತಿರಲಿಲ್ಲ. ಒಣಗಿದ ಕಲ್ಲಿನ ಮೇಲೆ ಏನೂ ಕಾಣುತ್ತಲೂ ಇರಲಿಲ್ಲ. ಮೇಷ್ಟ್ರು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ನಲ್ಲಿಯ ನೀರು ಕಲ್ಲಿನ ಮೇಲೆ ಚೆಲ್ಲಿತು. ಕಲ್ಲು ನೆನೆಯಿತು, ಗೆರೆಗಳು ಒಂದೊಂದಾಗಿ ಎದ್ದವು. ಮುನಿಗಂಗಮ್ಮನ ಕಣ್ಣು ಅತ್ತ ಬಿತ್ತು, ಮುಖ ಹಿಂಡಿಕೊಂಡಿತು.

"ಥೂ, ಇಲ್ಗೂ ಬಂದ್‌ಬಿಟ್ಟೈತಲ್ಲ ಹಾಳಾದ್ದು," ಎಂದು ಬಗ್ಗಿ, ಎರಡು ಬೆರಳು ಚಾಚಿ, ಹುಳುವನ್ನು ಕಿತ್ತು ಬೇಲಿಯಾಚೆ ಎಸೆಯಲು ಹೋದಳು. ಬೆರಳು ಬರಿಯ ಕಲ್ಲಿನ ಮೇಲೆ ಜಾರಿತು. ಮತ್ತೆ ಮುಟ್ಟಿ ನೋಡಿ, ನಾಚಿಕೊಂಡು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಮೇಷ್ಟ್ರು ಕೈಯಲ್ಲಿದ್ದ ಟವೆಲನ್ನು ಆಕೆಗೆ ಕೊಡುವುದು ಮರೆತು ತಮ್ಮ ಕಣ್ಣಿಗೇ ಒತ್ತಿಕೊಂಡರು.

"ಇನ್ನೊಂದ್ ಸಲ ಕೀಳಮ್ಮ," ಎಂದರು.